ಪ್ರೊಪೆಲ್ಲರೋ, ಸಿರಿಂಜೋ? ಕೃಷಿ ಹೊಂಡದಲ್ಲಿ ಎರಡನ್ನೂ ಮುಳುಗಿಸಿ ನೋಡಿದೆವು

ಯಲಬುರ್ಗಾದಲ್ಲಿ ನನ್ನದು ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿ. ಅಕ್ಕನ ಮಗನ ಕಾಲೇಜ್ ಪ್ರಾಜೆಕ್ಟಿಗೆ ನೀರೊಳಗೆ ಓಡಾಡುವ ಎರಡು ಯಂತ್ರ ಮಾಡಿದೆವು. ಎರಡರ ಮೈಯೂ ಮೂರು ಇಂಚಿನ ಪಿವಿಸಿ ಪೈಪೇ. ಒಂದಕ್ಕೆ ಹಿಂದೆ ಪ್ರೊಪೆಲ್ಲರ್. ಇನ್ನೊಂದು ಗ್ಲೈಡರ್: ಮೂತಿಯಲ್ಲಿ ಸಿರಿಂಜ್, ಪಕ್ಕಕ್ಕೆ ರೆಕ್ಕೆ. ಸಿರಿಂಜ್ 60 ಎಂಎಲ್ ನೀರು ಎಳೆದುಕೊಂಡರೆ ಯಂತ್ರ 60 ಗ್ರಾಂ ಭಾರವಾಗಿ ಇಳಿಯುತ್ತದೆ, ಹೊರಗೆ ತಳ್ಳಿದರೆ ಏರುತ್ತದೆ. ರೆಕ್ಕೆ ಇರುವುದರಿಂದ ಓರೆಯಾಗಿ ಮುಂದಕ್ಕೆ ಜಾರುತ್ತದೆ. ಕಡಲಲ್ಲಿ ಸಾವಿರ ಮೀಟರ್ ಇಳಿಯುವ ಗ್ಲೈಡರುಗಳಲ್ಲಿ ಸಿರಿಂಜಿನ ಕೆಲಸವನ್ನು ಎಣ್ಣೆ ಚೀಲ ಮಾಡುತ್ತದೆ, ಅಷ್ಟೇ.

ಓಟದಲ್ಲಿ ಪ್ರೊಪೆಲ್ಲರೇ ಗೆದ್ದಿತು. 21 ಮೀಟರ್ ಹೊಂಡವನ್ನು ಅರ್ಧ ನಿಮಿಷದಲ್ಲಿ ದಾಟಿತು. ಗ್ಲೈಡರಿಗೆ ಬೇಕಾದ್ದು ಆಳ, ಹೊಂಡದ್ದು ಮೂರೇ ಮೀಟರ್. ಒಂದು ಸಲ ಇಳಿದು ಏರುವಷ್ಟರಲ್ಲಿ ಎದುರು ದಡ! ಮೊದಲ ದಿನವಂತೂ ಕೆಸರಿಗೆ ಮೂತಿ ಚುಚ್ಚಿಕೊಂಡು ನಿಂತುಬಿಟ್ಟಿತು. "ಮಾಮಾ, ತೆಳಗ ಹೋತು, ಮ್ಯಾಗ ಬರವಲ್ದು!" ಪುಣ್ಯಕ್ಕೆ ಹಗ್ಗ ಕಟ್ಟಿದ್ದೆ. ಆಮೇಲೆ ಡ್ರಮ್ಮಿನ ನೀರಲ್ಲಿ ವಾಷರ್ ಒಂದೊಂದೇ ತೆಗೆದು ತೂಕ ಹದ ಮಾಡಿದೆವು. ಈ ಹದ ಆಯಾ ನೀರಿಗೇ ಸರಿ. ಕಡಲ ನೀರು ಲೀಟರಿಗೆ ಸುಮಾರು 25 ಗ್ರಾಂ ಜಾಸ್ತಿ ತೂಗುತ್ತದೆ. ಅಲ್ಲಿ ತೇಲುವ 50 ಕೆಜಿ ಗ್ಲೈಡರನ್ನು ನಮ್ಮ ಹೊಂಡಕ್ಕೆ ಬಿಟ್ಟರೆ ಒಂದು ಕಿಲೋಗೂ ಮೇಲೆ ಭಾರವಾಗಿ ಮುಳುಗೇ ಹೋಗುತ್ತದೆ.

ನೀರಿನ ಬಿಸಿ ಅಳೆಯಲು ಹೋದಾಗ ಲೆಕ್ಕ ಉಲ್ಟಾ ಆಯಿತು. ಬೇಸಿಗೆಯ ಮಧ್ಯಾಹ್ನ ಹೊಂಡದ ಮೇಲಿನ ನೀರು ಬಿಸಿ, ತಳದ್ದು ತಣ್ಣಗೆ. ಪ್ರೊಪೆಲ್ಲರ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದುಬಿಟ್ಟಿತು. ಎಲ್ಲಿ ಅಳೆದರೂ ಹೆಚ್ಚುಕಡಿಮೆ ಒಂದೇ ಅಂಕಿ. ಗ್ಲೈಡರ್ ಸುಮ್ನೆ ಜಾರಿತು, ಬಿಸಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಚೆನ್ನಾಗಿ ಕಂಡಿತು.

ಬ್ಯಾಟರಿಯಲ್ಲಿ ಹೋಲಿಕೆಯೇ ಇಲ್ಲ. ಪ್ರೊಪೆಲ್ಲರ್ 40 ನಿಮಿಷಕ್ಕೆ ಸುಸ್ತು. ಗ್ಲೈಡರಿನ ಮೋಟರ್ ತಳದಲ್ಲೊಮ್ಮೆ, ಮೇಲೊಮ್ಮೆ ತಿರುಗಿದರೆ ಸಾಕು. 2009ರಲ್ಲಿ 'ಸ್ಕಾರ್ಲೆಟ್ ನೈಟ್' ಎಂಬ ಗ್ಲೈಡರ್ ಅಮೆರಿಕದಿಂದ ಸ್ಪೇನಿಗೆ 221 ದಿನ ಹೋಯಿತು ಅಂದಾಗ ನಂಬಿರಲಿಲ್ಲ, ಈಗ ನಂಬುತ್ತೇನೆ.

ವೈಂಡಿಂಗ್ ಮಾಡುವವನಾಗಿ ಒಂದು ಮಾತು: ನೀರು ನುಗ್ಗುವುದು ತಿರುಗುವ ಶಾಫ್ಟಿನ ಸೀಲಿನಲ್ಲೇ. ಪ್ರೊಪೆಲ್ಲರಿನ ಸೀಲ್ ಎರಡು ಸಲ ಬದಲಿಸಿದೆ. ಸಿರಿಂಜಿನ ರಬ್ಬರ್ ಒಂದು ಹನಿ ಬಿಡಲಿಲ್ಲ.

ಹೊಂಡದಲ್ಲಿ ಬಿದ್ದ ಪಂಪ್ ಹುಡುಕಲು ನಾನು ಪ್ರೊಪೆಲ್ಲರನ್ನೇ ಒಯ್ಯುತ್ತೇನೆ. ಗ್ಲೈಡರನ್ನು ರೆಕ್ಕೆ ಬಿಚ್ಚಿ ತೋಟದ ಹಳೇ ಬಾವಿಗೆ ಇಳಿಸಬೇಕು. ಹುಡುಗ ಆಗಲೇ ಉದ್ದ ಹಗ್ಗ ತಂದಿಟ್ಟಿದ್ದಾನೆ.