ಒಂದೇ ಓಟ, ಎರಡು ಸುದ್ದಿಮನೆ: ನ್ಯಾಸ್ಕಾರ್ ನೌ ಮತ್ತು ರೇಸ್ ಹಬ್

ಉತ್ತರ ಕೆರೊಲಿನಾದ ಷಾರ್ಲೆಟ್‌ಗೆ ಕೆಲಸದ ನಿಮಿತ್ತ ಬಂದು ನೆಲೆಸಿದ ಮೇಲೆ ನನಗೆ ಸ್ಟಾಕ್ ಕಾರ್ ರೇಸಿನ, ಅಂದರೆ ನೋಡಲು ಸಾಮಾನ್ಯ ಕಾರುಗಳಂತಿರುವ ಕಾರುಗಳ ಓಟದ, ರುಚಿ ಹತ್ತಿತು. ಅಮೆರಿಕದಲ್ಲಿ ಈ ಓಟಗಳನ್ನು ನಡೆಸುವ ಸಂಸ್ಥೆ ನ್ಯಾಸ್ಕಾರ್. 2010ರಿಂದ 2014ರವರೆಗೆ ಇಎಸ್‌ಪಿಎನ್2 ವಾಹಿನಿಯ ‘ನ್ಯಾಸ್ಕಾರ್ ನೌ’ ಮತ್ತು ಸ್ಪೀಡ್ ವಾಹಿನಿಯ ‘ರೇಸ್ ಹಬ್’, ಈ ಎರಡು ಸುದ್ದಿ ಕಾರ್ಯಕ್ರಮಗಳನ್ನೂ ರೆಕಾರ್ಡ್ ಮಾಡಿಟ್ಟುಕೊಂಡು ರಾತ್ರಿ ಊಟವಾದ ಮೇಲೆ ಒಂದರ ಹಿಂದೊಂದು ನೋಡುತ್ತಿದ್ದೆ.

ಇಂಥ ಕಾರ್ಯಕ್ರಮಗಳ ಆಯುಸ್ಸು ಪ್ರಸಾರದ ಹಕ್ಕಿನ ಮೇಲೆ ನಿಂತಿರುತ್ತದೆ. 2000ದ ನಂತರ ನ್ಯಾಸ್ಕಾರ್‌ನ ಮುಖ್ಯ ಓಟಗಳು ಇಎಸ್‌ಪಿಎನ್‌ನ ಕೈತಪ್ಪಿದವು. ಅದರ ಹಳೆಯ ಸುದ್ದಿ ಕಾರ್ಯಕ್ರಮ ‘ಆರ್‌ಪಿಎಂ 2ನೈಟ್’ 2003ರಲ್ಲಿ ನಿಂತುಹೋಯಿತು. 2007ರಲ್ಲಿ ಹಕ್ಕು ಮರಳಿ ಬಂದ ಕೂಡಲೇ, ಅದೇ ವರ್ಷದ ಫೆಬ್ರವರಿಯಲ್ಲಿ ‘ನ್ಯಾಸ್ಕಾರ್ ನೌ’ ಆರಂಭವಾಯಿತು. ‘ರೇಸ್ ಹಬ್’ ಶುರುವಾದದ್ದು 2009ರ ಅಕ್ಟೋಬರ್‌ನಲ್ಲಿ.

ಎರಡಕ್ಕೂ ಇದ್ದ ವ್ಯತ್ಯಾಸ 2013ರ ಸೆಪ್ಟೆಂಬರ್ 7ರ ರಿಚ್ಮಂಡ್ ಓಟದ ನಂತರದ ವಾರದಲ್ಲಿ ನನಗೆ ಚೆನ್ನಾಗಿ ಮನವರಿಕೆಯಾಯಿತು. ಓಟ ಮುಗಿಯಲು 7 ಸುತ್ತು ಉಳಿದಿದ್ದಾಗ ಚಾಲಕ ಕ್ಲಿಂಟ್ ಬೋಯರ್ ಅವರ ಕಾರು ಗಿರ್ರನೆ ತಿರುಗಿ ನಿಂತಿತು; ಓಟಕ್ಕೆ ತಡೆ ಬಿದ್ದು, ಅದೇ ತಂಡದ ಇನ್ನೊಬ್ಬ ಚಾಲಕ ಮಾರ್ಟಿನ್ ಟ್ರೂಎಕ್ಸ್ ಜೂನಿಯರ್ ‘ಚೇಸ್’ಗೆ (ವರ್ಷದ ಪ್ರಶಸ್ತಿಗಾಗಿ 12 ಚಾಲಕರು ಸೆಣಸುತ್ತಿದ್ದ ಕೊನೆಯ ಹಂತ) ಅರ್ಹತೆ ಪಡೆಯಲೆಂದೇ ತಂಡ ಹೀಗೆ ಮಾಡಿಸಿತೆಂಬ ಆರೋಪ ಎದ್ದಿತು. ನ್ಯಾಸ್ಕಾರ್ ಆ ತಂಡಕ್ಕೆ 3 ಲಕ್ಷ ಡಾಲರ್ ದಂಡ ವಿಧಿಸಿ, ಟ್ರೂಎಕ್ಸ್‌ರನ್ನು ಹೊರಗಿಟ್ಟಿತು. ಬಳಿಕ ಮತ್ತೊಬ್ಬ ಚಾಲಕ ಜೆಫ್ ಗಾರ್ಡನ್‌ರನ್ನು ಚೇಸ್‌ಗೆ 13ನೆಯವರಾಗಿ ಸೇರಿಸಿಕೊಂಡಿತು. ಯಾವ ದಿನ ಏನು ನಡೆಯಿತು, ನಿಯಮ ಏನು ಹೇಳುತ್ತದೆ ಎಂಬುದನ್ನು ಕ್ರಮವಾಗಿ ತಿಳಿಯಲು ನಾನು ಮೊದಲು ಹಾಕುತ್ತಿದ್ದದ್ದು ‘ನ್ಯಾಸ್ಕಾರ್ ನೌ’. ಕನೆಕ್ಟಿಕಟ್‌ನಿಂದ, ಅಂದರೆ ತಂಡಗಳಿಂದ ನೂರಾರು ಮೈಲಿ ದೂರದಿಂದ ಮಾತನಾಡುತ್ತಿದ್ದ ಆ ಕಾರ್ಯಕ್ರಮಕ್ಕೆ ಯಾರ ದಾಕ್ಷಿಣ್ಯವೂ ಇಲ್ಲವೆಂದು ನನಗೆ ಅನಿಸುತ್ತಿತ್ತು. ಸೋಮವಾರ ಆಲನ್ ಬೆಸ್ಟ್‌ವಿಕ್ ನಡೆಸಿಕೊಡುತ್ತಿದ್ದ ದುಂಡುಮೇಜಿನ ಚರ್ಚೆಯಂತೂ ನನಗೆ ಅಚ್ಚುಮೆಚ್ಚು.

ಆದರೆ ಆಟದ ಒಳಗುಟ್ಟನ್ನು ಕಲಿಸಿದ್ದು ‘ರೇಸ್ ಹಬ್’. ಅದರ ಸ್ಟುಡಿಯೊ ಷಾರ್ಲೆಟ್‌ನಲ್ಲಿಯೇ ಇತ್ತು. ಹೆಚ್ಚಿನ ತಂಡಗಳ ಕಾರ್ಯಾಗಾರಗಳು ಸುತ್ತಲಿನ ಕಾಂಕಾರ್ಡ್, ಮೂರ್ಸ್‌ವಿಲ್‌ಗಳಲ್ಲಿರುವುದರಿಂದ ಚಾಲಕರೂ ಕ್ರೂ ಚೀಫ್‌ಗಳೂ (ಕಾರಿನ ಸಿಬ್ಬಂದಿಯ ಮುಖ್ಯಸ್ಥರು) ಸ್ಟುಡಿಯೊಗೆ ಬಂದು ಕೂರುವುದು ಸುಲಭವಾಗಿತ್ತು. ಅದರಲ್ಲಿನ ‘ರೇಡಿಯೋಆ್ಯಕ್ಟಿವ್’ ಎಂಬ ಭಾಗದಲ್ಲಿ ಚಾಲಕ, ಕ್ರೂ ಚೀಫ್ ಮತ್ತು ಎತ್ತರದಲ್ಲಿ ನಿಂತು ದಾರಿ ಹೇಳುವ ಸ್ಪಾಟರ್ ರೇಡಿಯೊದಲ್ಲಿ ಆಡಿದ ಮಾತುಗಳನ್ನು ಅದೇ ಕ್ಷಣದ ದೃಶ್ಯದೊಂದಿಗೆ ಕೇಳಿಸುತ್ತಿದ್ದರು. ಕಾರು ತಿರುವಿನಲ್ಲಿ ಹೊರಕ್ಕೆ ಜಾರುತ್ತಿದೆ ಎಂದು ಚಾಲಕ ಸಿಡಿಮಿಡಿಗೊಳ್ಳುವುದು, ಮುಂದಿನ ಪಿಟ್‌ನಲ್ಲಿ, ಅಂದರೆ ಟೈರು, ಇಂಧನಕ್ಕಾಗಿ ಕಾರು ನಿಲ್ಲಿಸುವಾಗ, ಟೈರಿನ ಗಾಳಿ ಸರಿಪಡಿಸೋಣ ಎಂದು ಕ್ರೂ ಚೀಫ್ ತಣ್ಣಗೆ ಉತ್ತರಿಸುವುದು, ಇವನ್ನು ಕೇಳಿದ ಮೇಲೆಯೇ ಪಿಟ್ ನಿಲುಗಡೆಯಲ್ಲಿ ಏನನ್ನು ನೋಡಬೇಕೆಂದು ನನಗೆ ತಿಳಿಯಿತು. ದಂಡದ ಸುದ್ದಿ ಬಂದ ದಿನವೊಂದನ್ನು ಬಿಟ್ಟರೆ, ನನ್ನ ಆಯ್ಕೆ ಯಾವತ್ತೂ ‘ರೇಸ್ ಹಬ್’.

ಓಟಗಳ ಹಕ್ಕು ಮತ್ತೆ ಕೈಬಿಟ್ಟಾಗ ‘ನ್ಯಾಸ್ಕಾರ್ ನೌ’ 2014ರ ನವೆಂಬರ್‌ನಲ್ಲಿ ಮುಗಿಯಿತು. ‘ರೇಸ್ ಹಬ್’ ಅದಕ್ಕೆ ಮೊದಲೇ, 2013ರಲ್ಲಿ, ಫಾಕ್ಸ್ ಸ್ಪೋರ್ಟ್ಸ್ 1ಕ್ಕೆ ಸ್ಥಳಾಂತರಗೊಂಡು ಮುಂದುವರಿದಿತ್ತು. ಅದರ ನಿರೂಪಕ ಸ್ಟೀವ್ ಬರ್ನ್ಸ್ ಕ್ಯಾನ್ಸರ್‌ನೊಡನೆ ಹೋರಾಡುತ್ತಿದ್ದಾಗ, 2015ರ ಏಪ್ರಿಲ್ 19ರಂದು ಟೆನೆಸಿಯ ಬ್ರಿಸ್ಟಲ್‌ನಲ್ಲಿ ನಡೆದ ಓಟದ ಹೆಸರಿಗೆ ಅವರ ಹೆಸರನ್ನೂ ಸೇರಿಸಿದ್ದರು. ಎರಡು ದಿನಗಳ ಬಳಿಕ ಅವರು ತೀರಿಕೊಂಡರು. ಪ್ರತಿ ಸಂಜೆ ನಮ್ಮ ಮನೆಯಲ್ಲಿ ಕೇಳುತ್ತಿದ್ದ ಆ ಸೌಮ್ಯ ದನಿಗಾಗಿ ನಾನು ಅಂದು ನಿಜಕ್ಕೂ ಮರುಗಿದೆ.