ಮೈನ್‌ಕ್ರಾಫ್ಟ್: ಗವಿಯಲ್ಲಿ ಕಾಣದ ವಜ್ರ, ಪೆಟ್ಟಿಗೆ ತುಂಬಿದ ತಾಮ್ರ

ಚಿತ್ರದುರ್ಗದ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲಿನ ಒಂದು ಗಂಟೆಯನ್ನು ನಾನು ಮೈನ್‌ಕ್ರಾಫ್ಟ್ ಎಂಬ, ಚೌಕ ತುಂಡುಗಳ ಲೋಕದಲ್ಲಿ ಅಗೆದು ಕಟ್ಟುವ ವಿಡಿಯೋ ಆಟದ ಗಣಿಗೆ ಮೀಸಲಿಟ್ಟು ಆರು ವರ್ಷಗಳಾದವು. ಆಟದ ಪರಿಚಯ ಯಾರಿಗೂ ಬೇಕಿಲ್ಲವಾದ್ದರಿಂದ ಅದಿರಿನ ಹಂಚಿಕೆಯ ವಿಷಯವನ್ನಷ್ಟೇ ಬರೆಯುತ್ತೇನೆ.

2021ರ ನವೆಂಬರ್‌ನಲ್ಲಿ 1.18 ಆವೃತ್ತಿ ಬಂದಾಗ ನನಗೆ ಬೇಸರವೇ ಆಗಿತ್ತು. ಅಲ್ಲಿಯವರೆಗೆ 11ನೇ ಮಟ್ಟಕ್ಕೆ (ಆಟದಲ್ಲಿ ಎತ್ತರ, ಆಳಗಳನ್ನು ಹೇಳುವ ಸಂಖ್ಯೆ) ಇಳಿದು ನೇರವಾಗಿ ಸುರಂಗ ಕೊರೆದರೆ ಕಬ್ಬಿಣ, ಚಿನ್ನ, ವಜ್ರ ಮೂರೂ ಒಂದೇ ದಾರಿಯಲ್ಲಿ ಸಿಗುತ್ತಿದ್ದವು. ಹೊಸ ಆವೃತ್ತಿಯಲ್ಲಿ ನೆಲ ಮೈನಸ್ 64ರವರೆಗೆ ಆಳವಾಯಿತು. ಕಬ್ಬಿಣ 16ರ ಆಸುಪಾಸಿನಲ್ಲಿ, ತಾಮ್ರ 48ರಲ್ಲಿ, ವಜ್ರ ತಳದ ಹತ್ತಿರ ಹೆಚ್ಚು ಸಿಗುವಂತಾಯಿತು. ಜೊತೆಗೆ ಊರನ್ನೇ ನುಂಗುವಷ್ಟು ದೊಡ್ಡ ಗವಿಗಳು ಬಂದವು, ಆದರೆ ವಾರವಿಡೀ ಅಲೆದರೂ ಅವುಗಳ ಗೋಡೆಗಳಲ್ಲಿ ನನಗೆ ಸಿಕ್ಕ ವಜ್ರ ಬೆರಳೆಣಿಕೆಯಷ್ಟು.

ಕಾರಣ ತಿಳಿದ ಮೇಲೆ ಸಿಟ್ಟು ಇಳಿಯಿತು. ಗಾಳಿಗೆ ತಾಗುವ ಜಾಗದಲ್ಲಿ ಬೀಳಬೇಕಿದ್ದ ವಜ್ರದ ಒಂದು ಪಾಲನ್ನು ಆಟ ಹುಟ್ಟಿಸುವುದೇ ಇಲ್ಲ. ಹಾಗೆ ಮಾಡದಿದ್ದರೆ ಪಿಕಾಸಿ ಎತ್ತದೆಯೇ ಪೆಟ್ಟಿಗೆ ತುಂಬುತ್ತಿತ್ತು, ಕೊರೆಯುವವನ ಶ್ರಮಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಈಗ ಮೈನಸ್ 58ಕ್ಕೆ ಇಳಿದು, ನಡುವೆ ಎರಡು ಸಾಲು ಕಲ್ಲು ಬಿಟ್ಟು ಅಡ್ಡ ಸುರಂಗಗಳನ್ನು ಕೊರೆಯುತ್ತೇನೆ. ಪಂಜುಗಳನ್ನು ಎಡಗೋಡೆಗೆ ಮಾತ್ರ ಸಿಕ್ಕಿಸುವುದರಿಂದ ಅವು ಬಲಕ್ಕೆ ಕಂಡರೆ ಮನೆಯ ದಾರಿ ಹಿಡಿದಿದ್ದೇನೆಂದು ಅರ್ಥ. ಲಾವಾದ ಗುಳುಗುಳು ಸದ್ದು ಕೇಳಿದೊಡನೆ ಕೈ ತಾನಾಗಿ ನೀರಿನ ಬಕೆಟ್ಟಿಗೆ ಹೋಗುತ್ತದೆ. ಕರಿಗಲ್ಲಿನ ನಡುವೆ ತಿಳಿನೀಲಿ ಚುಕ್ಕೆ ಮಿನುಗಿದಾಗ ಆಗುವ ಖುಷಿ ಇಷ್ಟು ವರ್ಷಗಳಾದರೂ ಮಾಸಿಲ್ಲ.

ತಾಮ್ರದ ಲೆಕ್ಕ ಮಾತ್ರ ನನಗೆ ಒಪ್ಪಿಗೆಯಾಗಿಲ್ಲ. ಒಂದು ಕಬ್ಬಿಣದ ಅದಿರಿಗೆ ಒಂದೇ ಗಟ್ಟಿ ಸಿಗುವಲ್ಲಿ, ತಾಮ್ರದ ಅದಿರು ಎರಡರಿಂದ ಐದರವರೆಗೆ ಕೊಡುತ್ತದೆ. ಆದರೆ ಬಹುಕಾಲ ಅದರಿಂದ ಮಿಂಚುಕಂಬ, ದುರ್ಬೀನು ಮತ್ತು ಕಟ್ಟಡದ ಇಟ್ಟಿಗೆ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಆಗುತ್ತಿರಲಿಲ್ಲ. ಪಕ್ಕದ ಇಂಗಳದಾಳಿನಲ್ಲಿ ತಾಮ್ರಕ್ಕಾಗಿಯೇ ಬಂಡೆ ಬಗೆದ ಸೀಮೆಯವನಾದ ನನಗೆ, ಅದು ಒಂಬತ್ತು ಪೆಟ್ಟಿಗೆಗಳಲ್ಲಿ ಸುಮ್ಮನೆ ಕೊಳೆಯುವುದನ್ನು ನೋಡುವುದು ಕಷ್ಟವಾಗಿತ್ತು. 2025ರಲ್ಲಿ ತಾಮ್ರದ ಹತಾರಗಳು ಬಂದವಾದರೂ ಕಬ್ಬಿಣ ಕೈಗೆ ಬಂದವರಿಗೆ ಅವುಗಳ ಅಗತ್ಯ ಅಷ್ಟಕ್ಕಷ್ಟೆ.

ಒಮ್ಮೆ ಹಣ ಕೊಟ್ಟ ಮೇಲೆ ಇಷ್ಟೆಲ್ಲ ಬದಲಾವಣೆಗೆ ಮತ್ತೆ ಒಂದು ಬಿಡಿಗಾಸೂ ಖರ್ಚಾಗಿಲ್ಲ, ಅದನ್ನು ಒಪ್ಪಲೇಬೇಕು. ಉಳಿದ ತಾಮ್ರವನ್ನೆಲ್ಲ ಮನೆಯ ಮಾಡಿಗೆ ಹೊದಿಸಿದೆ, ಮೇಣ ಹಚ್ಚಲು ಮರೆತದ್ದರಿಂದ ಅದು ಪೂರ್ತಿ ಹಸಿರಾಗಿದೆ. ಕೊಡಲಿಯಿಂದ ಕೆರೆದರೆ ಹೊಳಪು ಮರಳುತ್ತದೆ, ಆದರೆ ಹಸಿರೇ ಇರಲಿ ಎಂಬುದು ಮಗಳ ಹಟ.