ಕಪ್ ಬಿಟ್ಟು ಗ್ರಾಂ ಲೆಕ್ಕಕ್ಕೆ: ನಾವು ಬಳಸುತ್ತಿರುವ ಅಡುಗೆಮನೆ ತಕ್ಕಡಿ

5 ಕಿಲೋವರೆಗೆ ತೂಗುವ, ಒಂದೊಂದು ಗ್ರಾಂ ತೋರಿಸುವ ಸಾದಾ ಡಿಜಿಟಲ್ ತಕ್ಕಡಿ ಇದು. ರಿಮೋಟ್‌ಗೆ ಹಾಕುವ ಸಣ್ಣ ಸೆಲ್ಲಿನಲ್ಲಿ ನಡೆಯುತ್ತದೆ. ಕೆಲವು ವರ್ಷಗಳಿಂದ ನಮ್ಮನೆಯಲ್ಲಿ ಬ್ರೆಡ್ಡು, ಕೇಕು, ಬಿಸ್ಕತ್ತು ಏನೇ ಮಾಡಿದರೂ ಇದರ ಮೇಲೇ ಶುರು. ಬೇಕಿಂಗ್ ಮಾಡುವ ಯಾರಿಗಾದರೂ ಕಣ್ಣು ಮುಚ್ಚಿ ಕೊಳ್ಳಿ ಅನ್ನುತ್ತೇನೆ.

ಯಾಕೆ ಅಂದರೆ ಹಿಟ್ಟಿಗೆ ಕಪ್ಪಿನ ಅಳತೆ ನಿಲ್ಲುವುದೇ ಇಲ್ಲ. ಮನೆಯಲ್ಲೇ ನೋಡಿ. ಮೈದಾ ಡಬ್ಬದೊಳಗೆ ಕಪ್ ಅದ್ದಿ, ಒತ್ತಿ ತುಂಬಿ ತೂಗಿದರೆ 150 ಗ್ರಾಂ ಹತ್ತಿರ ಬರುತ್ತದೆ. ಅದೇ ಮೈದಾವನ್ನು ಸ್ವಲ್ಪ ಸಡಿಲ ಮಾಡಿ, ಚಮಚದಲ್ಲಿ ಹಾಕಿ, ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸವರಿದರೆ 120ರ ಆಸುಪಾಸು. ಬ್ರೆಡ್ಡಿಗೆ 3 ಕಪ್ ಮೈದಾ, 240 ಗ್ರಾಂ ನೀರು ಅಂತಿದೆ ಅಂದುಕೊಳ್ಳಿ. ಮೊದಲ ರೀತಿಯಲ್ಲಿ ಹಿಟ್ಟು 450 ಗ್ರಾಂ ಆಯಿತು, ಎರಡನೆಯದರಲ್ಲಿ 360. ಹಿಟ್ಟಿನ ತೂಕಕ್ಕೆ ನೀರು ಒಂದರಲ್ಲಿ ಶೇ 53, ಇನ್ನೊಂದರಲ್ಲಿ ಶೇ 67. ಒಂದು ಗಟ್ಟಿ ಮುದ್ದೆ, ಇನ್ನೊಂದು ಕೈಗೆ ಅಂಟುವ ಮೆತ್ತನೆ ಹಿಟ್ಟು. ರೆಸಿಪಿ ಒಂದೇ!

ತಕ್ಕಡಿ ತಂದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತಲ್ಲ. ಕಪ್ಪನ್ನು ಗ್ರಾಂಗೆ ತಿರುಗಿಸುವಾಗ ಯಾರ ಕಪ್ಪು ಅಂತ ನೋಡಬೇಕು. ಅಮೆರಿಕದ ಕಪ್ಪು ಸುಮಾರು 237 ಮಿಲಿ, ಆಸ್ಟ್ರೇಲಿಯಾದ್ದು 250. ಅಲ್ಲಿನ ಟೇಬಲ್ ಚಮಚ 20 ಮಿಲಿ, ಅಮೆರಿಕದ್ದು 15. ಅಮೆರಿಕದೊಳಗೇ ಒಮ್ಮತ ಇಲ್ಲ. ಕಿಂಗ್ ಆರ್ಥರ್ ಹಿಟ್ಟಿನ ಕಂಪನಿ 1 ಕಪ್ ಮೈದಾಗೆ 120 ಗ್ರಾಂ ಹಿಡಿಯುತ್ತದೆ, ರೆಸಿಪಿಗಳನ್ನು ಪರೀಕ್ಷೆ ಮಾಡಿ ಟಿವಿಯಲ್ಲಿ ತೋರಿಸುವ ಅಮೆರಿಕಾಸ್ ಟೆಸ್ಟ್ ಕಿಚನ್ 142. ಹಾಗಾಗಿ ರೆಸಿಪಿ ಬರೆದವರದೇ ತೂಕದ ಪಟ್ಟಿ ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ನಾನು 125ರಿಂದ ಶುರು ಮಾಡಿ, ಹಿಟ್ಟಿನ ಹದ ನೋಡಿ ಮುಂದುವರಿಯುತ್ತೇನೆ.

ಕಪಾಟಿನ ಬಾಗಿಲಿನ ಒಳಗಡೆ ಒಂದು ಚೀಟಿ ಅಂಟಿಸಿದ್ದೇನೆ: ಸಕ್ಕರೆ ಕಪ್ಪಿಗೆ 200, ಬೆಣ್ಣೆ 227, ಕೋಕೋ ಪುಡಿ 85. ಬೆಣ್ಣೆಯನ್ನು ಕಪ್ಪಿಗೆ ಒತ್ತಿ ಒತ್ತಿ ತುಂಬುವ ಕಷ್ಟ ತಪ್ಪಿದ್ದೇ ದೊಡ್ಡ ಸಮಾಧಾನ. ಪಾತ್ರೆ ಇಟ್ಟು ಸೊನ್ನೆ ಒತ್ತು, ಮೈದಾ ಹಾಕು, ಮತ್ತೆ ಸೊನ್ನೆ, ಸಕ್ಕರೆ ಹಾಕು. ತೊಳೆಯುವ ಪಾತ್ರೆಯೂ ಕಮ್ಮಿ. ಚಪಾತಿಗೆ ತರುವ ಗೋಧಿ ಹಿಟ್ಟಿಗೆ ಮಾತ್ರ ತೂಕ ಒಂದೇ ಸಾಲದು. ಅದು ಮೈದಾಗಿಂತ ಜಾಸ್ತಿ ನೀರು ಕುಡಿಯುತ್ತದೆ, ನೀರನ್ನು ಕೈಗುಣದ ಮೇಲೆ ಸ್ವಲ್ಪ ಹೆಚ್ಚಿಸಲೇಬೇಕು.

ಈಗ ಕಿರಿಕಿರಿಗಳು. ಯೀಸ್ಟ್ 3 ಗ್ರಾಂ ಬೇಕು ಅಂದರೆ ಇದನ್ನು ನಂಬಬೇಡಿ. ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಅಂಕಿ ಅಲ್ಲಾಡುವುದೇ ಇಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಅಂಥದ್ದಕ್ಕೆ 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇರೆ ಇಟ್ಟಿದ್ದೇನೆ. ಇನ್ನೊಂದು, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ತಾನೇ ಆಫ್ ಆಗುತ್ತದೆ. ಫ್ರಿಡ್ಜಿನಿಂದ ಮೊಟ್ಟೆ ತಂದು ಒಡೆಯುವಷ್ಟರಲ್ಲಿ ಅಂಕಿ ಮಾಯ. ಅಗಲದ ಬೇಸನ್ ಇಟ್ಟರೆ ಪರದೆಯೇ ಕಾಣುವುದಿಲ್ಲ, ಬಗ್ಗಿ ನೋಡಬೇಕು. ಮಿಲಿ ತೋರಿಸುವ ಬಟನ್ನೂ ಇದೆ, ಆದರೆ ಅದು ನೀರಿನ ಲೆಕ್ಕ. ಎಣ್ಣೆಗೂ ಜೇನಿಗೂ ಬಳಸಬೇಡಿ.

ಇಷ್ಟು ವರ್ಷವಾದರೂ ತೂಕ ಕೆಟ್ಟಿಲ್ಲ. ಆಗಾಗ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಟ್ಟು ಪರೀಕ್ಷೆ ಮಾಡುತ್ತೇನೆ. ಹಾಲು ನೀರಿಗಿಂತ ಚೂರು ಭಾರ, ಹಾಗಾಗಿ ಕವರ್ ಸೇರಿ 515ರಿಂದ 520 ಗ್ರಾಂ ಬಂದರೆ ತಕ್ಕಡಿ ಸರಿ ಇದೆ. ಹೊಸದು ಕೊಳ್ಳುವವರು ಪರದೆ ಮುಂದಕ್ಕೆ ಎಳೆಯಬಹುದಾದ, ಬೇಗ ಆಫ್ ಆಗದ ಮಾಡೆಲ್ ಹುಡುಕಿ. ನಮ್ಮದು ಕೆಟ್ಟ ದಿನ ನಾನೂ ಅದನ್ನೇ ತರುತ್ತೇನೆ.